ಮಿರಜಿನ ಬುರುಡೆ, ಗದಗಿನ ಪೇಟಿ

ಗುರುರಾಜ ಜೋಶಿ ಮಾಸ್ತರರಿಗೆ ಮಗನದೇ ಚಿಂತೆ. ಎಲ್ಲಿ ಭಜನೆಯ ಮೇಳ ಹೊರಟರೂ, ಎಲ್ಲಿ ಬಾಜಾದವರು ಸಾಗಿದರೂ ಹುಡುಗ ಹಿಂದೆಯೇ ಹೋಗಿಬಿಡುತ್ತಿದ್ದ. ಹೋದಲ್ಲೇ ದಣಿದು ಮಲಗಿಯೂ ಬಿಡುತ್ತಿದ್ದ. ಹುಡುಕಿ ಹುಡುಕಿ, ಪೊಲೀಸರಿಗೂ ಹೇಳಿ ಸಾಕಾಗಿ, ಮಾಸ್ತರರು ಕೊನೆಗೆ ಅವನ ಅಂಗಿಯ ಮೇಲೆ ‘ಜೋಶಿ ಮಾಸ್ತರರ ಮಗ’ ಎಂದು ಬರೆದರು. ಸಿಕ್ಕವರು ಕರೆತಂದು ಮನೆಗೆ ಮುಟ್ಟಿಸತೊಡಗಿದರು. 1922ರ ಫೆಬ್ರುವರಿ 4ರಂದು ರೋಣದಲ್ಲಿ ಹುಟ್ಟಿದ ಆ ಹುಡುಗನೇ ಭೀಮಸೇನ ಜೋಶಿ. ಹಾಡಿನಷ್ಟೇ ಅವನನ್ನು ಎಳೆಯುತ್ತಿದ್ದದ್ದು ತಂಬೂರಿ ಮತ್ತು ಪೇಟಿಯ (ಹಾರ್ಮೋನಿಯಂ) ನಾದ.

ರೋಣ, ನರಗುಂದ, ಗಜೇಂದ್ರಗಡದ ಸೀಮೆಗೆ ಈ ಎರಡು ವಾದ್ಯಗಳು ಹೊಸವಲ್ಲ. ಪುರ್ತಗೇರಿಯಂಥ ಹಳ್ಳಿಗಳ ಈ ಬಯಲಿನಲ್ಲಿ ತತ್ವಪದವೆಂದರೆ ಏಕತಾರಿ, ದಮ್ಮಡಿ, ತಾಳ. ಮುಂದೆ ಇವುಗಳ ಜೊತೆಗೆ ಪೇಟಿ. ಇಂದು ಬಾಸ್ ಗಿಟಾರ್ ನುಡಿಸುವ ಹುಡುಗ ಯಾವ ತಂತಿ, ಯಾವ ಪಿಕಪ್, ಯಾವ ಆಂಪ್ಲಿಫೈಯರ್, ಯಾವ ಸ್ಪೀಕರ್ ಪೆಟ್ಟಿಗೆ ಎಂದು ತಲೆ ಕೆಡಿಸಿಕೊಳ್ಳುತ್ತಾನಷ್ಟೆ. ವಿದ್ಯುತ್ತು ಬರುವ ಬಹಳ ಮೊದಲೇ ಇಲ್ಲಿನ ಹಾಡುಗಾರರನ್ನೂ ಇವೇ ಪ್ರಶ್ನೆಗಳು ಕಾಡಿದ್ದವು. ತಂಬೂರಿಯ ಬುರುಡೆ ಎಷ್ಟು ದೊಡ್ಡದಿರಬೇಕು, ತಂತಿ ಒರಗುವ ಘೋಡಿಯನ್ನು ಎಷ್ಟು ಉಜ್ಜಬೇಕು, ಪೇಟಿಗೆ ಯಾವ ರೀಡು, ಆಮೇಲೆ ಯಾವ ಮೈಕು. ಉತ್ತರಗಳು ಒಂದೊಂದು ಕಾಲಕ್ಕೆ ಒಂದೊಂದು ಊರಿನಿಂದ ಬಂದವು.

ಮೊದಲನೆಯದು ಮಿರಜ. ಪಟವರ್ಧನರ ಸಂಸ್ಥಾನದ ಈ ಊರಿನಲ್ಲಿ ಶಿಕಲಗಾರರು ಕತ್ತಿ, ಭರ್ಚಿಗಳನ್ನು ಮಾಡಿ ಸಾಣೆ ಹಿಡಿಯುತ್ತಿದ್ದರು. ಬ್ರಿಟಿಷರ ಆಳ್ವಿಕೆ ಗಟ್ಟಿಯಾದಂತೆ ಆಯುಧದ ಕೆಲಸ ಕುಂದಿತು. 19ನೆಯ ಶತಮಾನದ ನಡುವಿನಲ್ಲಿ ಆ ಮನೆತನದ ಫರೀದಸಾಹೇಬರು ಸಿತಾರ, ತಂಬೂರಿಗಳ ಕೆಲಸಕ್ಕೆ ಕೈಹಾಕಿದರು. ಮುಂದೆ ಆ ಪೀಳಿಗೆಯವರಿಗೆ ಸಿತಾರ್‌ಮೇಕರ್ ಎಂಬುದೇ ಅಡ್ಡಹೆಸರಾಯಿತು. ಉಕ್ಕಿನ ಅಲಗನ್ನು ಕೂದಲೆಳೆಯಷ್ಟು ತಿದ್ದಿದ ಕೈಗೆ ಎಲುಬಿನ ಘೋಡಿ ತಿದ್ದುವುದು ಬೇಗ ಒಗ್ಗಿದರೆ ಆಶ್ಚರ್ಯವಿಲ್ಲ.

ಬುರುಡೆ ಬರುತ್ತಿದ್ದದ್ದು ಪಂಢರಪುರದ ಸುತ್ತಲಿನ ಭೀಮಾ ತೀರದ ಹೊಲಗಳಿಂದ. ತಿನ್ನುವ ಸೋರೆಕಾಯಿ ಇದಕ್ಕೆ ಆಗದು. ಗಾತ್ರಕ್ಕೆಂದೇ ಬೆಳೆಸಿ, ಬಳ್ಳಿಯಲ್ಲೇ ಬಲಿಯಲು ಬಿಟ್ಟು, ತಿಂಗಳುಗಟ್ಟಲೆ ಒಣಗಿಸಿದ ಕಾಯಿ ಬೇಕು. ಮುಖದ ಹಲಗೆಗೂ ಉದ್ದನೆಯ ದಂಡಿಗೂ ತುಣಿ ಮರ. ಗಂಡಸರ ತಂಬೂರಿ ಸುಮಾರು ಐದು ಅಡಿ, ಹೆಂಗಸರದು ಅದಕ್ಕಿಂತ ಗಿಡ್ಡ. ನಾಲ್ಕು ತಂತಿಗಳಲ್ಲಿ ಮೊದಲನೆಯದು ಪಂಚಮ, ನಡುವಿನ ಜೋಡಿ ಷಡ್ಜ, ಕೊನೆಯದು ಖರ್ಜದ, ಎಂದರೆ ಕೆಳಗಿನ, ಷಡ್ಜ. ಈ ಖರ್ಜಕ್ಕೆ ಹಿತ್ತಾಳೆ ಅಥವಾ ತಾಮ್ರದ ದಪ್ಪ ತಂತಿ. ಪಂಚಮವಿಲ್ಲದ ರಾಗಕ್ಕೆ ಮೊದಲ ತಂತಿ ಮಧ್ಯಮಕ್ಕೋ ನಿಷಾದಕ್ಕೋ ಹೋಗುತ್ತದೆ.

ಇಷ್ಟೇ ಆಗಿದ್ದರೆ ತಂಬೂರಿ ಬರೀ ‘ಟಣ್’ ಎಂದು ಸುಮ್ಮನಾಗುತ್ತಿತ್ತು. ಅದರ ಜೀವ ಇರುವುದು ಘೋಡಿಯಲ್ಲಿ. ಗಿಟಾರಿನ ತಂತಿ ಒಂದು ಚೂಪು ಅಂಚಿನ ಮೇಲೆ ಕೂರುತ್ತದೆ. ತಂಬೂರಿಯ ತಂತಿ ಮಾತ್ರ ಅಗಲವಾದ, ಕಂಡೂ ಕಾಣದಷ್ಟು ಬಾಗಿದ ಎಲುಬಿನ ಮೇಲೆ ಒರಗಿಕೊಂಡು, ಮಿಡಿದಾಗಲೆಲ್ಲ ಆ ಬಾಗನ್ನು ತಟ್ಟುತ್ತ ಬಿಡುತ್ತ ಹೋಗುತ್ತದೆ. ತಂತಿಗೂ ಎಲುಬಿಗೂ ನಡುವೆ ಒಂದು ನೂಲಿನ ಎಳೆ. ಅದನ್ನು ಹಿಂದೆ ಮುಂದೆ ಸರಿಸುತ್ತ ಹೋದರೆ ಒಂದು ಜಾಗದಲ್ಲಿ ನಾದ ಇದ್ದಕ್ಕಿದ್ದಂತೆ ಅರಳಿಕೊಳ್ಳುತ್ತದೆ; ಕೂದಲೆಳೆ ಆಚೆ ಸರಿದರೆ ಮತ್ತೆ ಮಂಕು. ವರ್ಷಗಳು ಕಳೆದಂತೆ ತಂತಿ ಎಲುಬನ್ನು ಕೊರೆದು ಗೀರು ಮಾಡುತ್ತದೆ. ಆಗ ಕಾನಸು ಹಿಡಿದು ಆ ಬಾಗನ್ನು ಹೊಸದಾಗಿ ತಿದ್ದಬೇಕು. ಇದಕ್ಕೇ ಜವಾರಿ ತೆಗೆಯುವುದು ಎನ್ನುತ್ತಾರೆ. ಝೇಂಕಾರ ಹೆಚ್ಚು ಬೇಕೆನ್ನುವವರಿಗೆ ತೆರೆದ ಜವಾರಿ, ಮೆತ್ತಗೆ ದುಂಡಗೆ ಬೇಕೆನ್ನುವವರಿಗೆ ಮುಚ್ಚಿದ ಜವಾರಿ. ಅಳತೆಪಟ್ಟಿ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಉಜ್ಜಬೇಕು, ತಂತಿ ಏರಿಸಬೇಕು, ಕೇಳಬೇಕು, ಇಳಿಸಿ ಮತ್ತೆ ಉಜ್ಜಬೇಕು.

ಈ ಎಳೆಯ ಗುಟ್ಟು ಭೌತವಿಜ್ಞಾನಿ ಸಿ.ವಿ. ರಾಮನ್ ಅವರ ಕುತೂಹಲವನ್ನೂ ಕೆರಳಿಸಿತು. ಮುಂದೆ 1933ರಲ್ಲಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೆ (ಭಾರತೀಯ ವಿಜ್ಞಾನ ಸಂಸ್ಥೆಗೆ) ನಿರ್ದೇಶಕರಾಗಿ ಬಂದ ಅವರು, ಕಲ್ಕತ್ತೆಯಲ್ಲಿದ್ದಾಗಲೇ, 1921ರಲ್ಲಿ, ತಂಬೂರಿ ಮತ್ತು ವೀಣೆಯ ಘೋಡಿಗಳ ಬಗ್ಗೆ ಒಂದು ಪ್ರಬಂಧ ಬರೆದರು. ತಂತಿಯ ಯಾವ ಬಿಂದು ಒಂದು ಉಪಸ್ವರಕ್ಕೆ ನಿಶ್ಚಲವೋ ಅಲ್ಲೇ ಮಿಡಿದರೆ ಆ ಉಪಸ್ವರ ಹುಟ್ಟಕೂಡದು ಎಂಬುದು ಯುರೋಪಿನ ನಿಯಮ. ತಂಬೂರಿಯಲ್ಲಿ ಅದು ಹುಟ್ಟುತ್ತಿತ್ತು, ಅದೂ ಜೋರಾಗಿ. ಬಾಗಿದ ಘೋಡಿ ಮತ್ತು ಎಳೆ ಸೇರಿ ತಂತಿಯ ಶಕ್ತಿಯನ್ನು ಮೇಲಿನ ಉಪಸ್ವರಗಳಿಗೆ ಹಂಚುತ್ತವೆ ಎಂದು ರಾಮನ್ ಕಂಡರು. ಷಡ್ಜದ ತಂತಿ ಮಿಡಿದಾಗ ಯಾರೂ ನುಡಿಸದ ಗಾಂಧಾರ ತಾನೇ ಕೇಳುವುದು ಇದರಿಂದ. ಅದು ಆ ತಂತಿಯ ಐದನೆಯ ಉಪಸ್ವರ. ಈ ಗಾಂಧಾರವನ್ನು ನೆನಪಿಟ್ಟುಕೊಳ್ಳಬೇಕು, ಪೇಟಿಯ ಜಗಳ ಮುಂದೆ ಶುರುವಾಗುವುದು ಇದರ ಮೇಲೆಯೇ.

ಮಿರಜಿನ ತಂಬೂರಿಗೂ ಧಾರವಾಡ ಸೀಮೆಯ ಗಾಯನಕ್ಕೂ ಗಂಟು ಬಿಗಿದವರು ಅಬ್ದುಲ್ ಕರೀಂ ಖಾನ್. ಉತ್ತರದ ಕಿರಾಣಾದಿಂದ ಬಂದು ಮಿರಜಿನಲ್ಲಿ ನೆಲೆಸಿದ ಅವರು ಸ್ವರದ ಸೂಕ್ಷ್ಮಕ್ಕೆ ಹೆಸರಾಗಿದ್ದಂತೆ ವಾದ್ಯ ರಿಪೇರಿಯಲ್ಲೂ ಪಳಗಿದ ಕೈ. ಅವರ ಶಿಷ್ಯ ಕುಂದಗೋಳದ ರಾಮಭಾವು, ಎಂದರೆ ಸವಾಯಿ ಗಂಧರ್ವ. 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಭೀಮಸೇನ ಮನೆ ಬಿಟ್ಟು ಗುರುವನ್ನು ಹುಡುಕಿ ಹೊರಟದ್ದು ಖಾನ್ ಸಾಹೇಬರ ಜಿಂಜೋಟಿ ಠುಮರಿಯ ಗ್ರಾಮಫೋನ್ ತಟ್ಟೆ ಕೇಳಿ. ಅಲೆದು ಅಲೆದು 1936ರಲ್ಲಿ ಅವನು ಕುಂದಗೋಳದ ಸವಾಯಿ ಗಂಧರ್ವರ ಬಳಿ ಬಂದು ನಿಂತ. ಎರಡು ಎತ್ತರದ ತಂಬೂರಿಗಳ ನಡುವೆ ಕೂತ ಭೀಮಸೇನ ಜೋಶಿಯವರ ಚಿತ್ರ ನೋಡದ ರಸಿಕರಿಲ್ಲ. ಆ ಜೋಡಿ ಚೆನ್ನಾಗಿ ಕೂಡಿಕೊಳ್ಳದೆ ಕಛೇರಿ ಶುರುವಾಗುತ್ತಿರಲಿಲ್ಲ.

ಎಲ್ಲ ಕಂಠಕ್ಕೂ ಒಂದೇ ತಂಬೂರಿ ಒಗ್ಗುವುದಿಲ್ಲ. ಗಾಯಕಿ ಗಂಗೂಬಾಯಿ ಹಾನಗಲ್ ಅವರದು ಇದಕ್ಕೆ ಒಳ್ಳೆಯ ಉದಾಹರಣೆ. ಗಂಟಲಿನ ಶಸ್ತ್ರಚಿಕಿತ್ಸೆಯ ನಂತರ ಅವರ ದನಿ ಗಂಡಸರ ಮಟ್ಟಕ್ಕೆ ಇಳಿಯಿತು. ಹೆಂಗಸರ ಗಿಡ್ಡ ತಂಬೂರಿಯ ತೆಳು ತಂತಿಯನ್ನು ಅಷ್ಟು ಕೆಳಗೆ ಇಳಿಸಿದರೆ ಅದು ಜೋತುಬಿದ್ದು ನಾದವೇ ಹೊರಡದು. ಅಂಥ ಕಂಠಕ್ಕೆ ಉದ್ದನೆಯ ದಂಡಿ, ದಪ್ಪ ತಂತಿ, ದೊಡ್ಡ ಬುರುಡೆಯೇ ಬೇಕು.

ಇನ್ನು ಪೇಟಿ. 1840ರ ದಶಕದಲ್ಲಿ ಪ್ಯಾರಿಸಿನಲ್ಲಿ ರೂಪುಗೊಂಡ ಹಾರ್ಮೋನಿಯಂ ಕಾಲಿನಿಂದ ಗಾಳಿ ತುಂಬುವ ವಾದ್ಯವಾಗಿತ್ತು. ಕಲ್ಕತ್ತೆಯ ದ್ವಾರಕಾನಾಥ ಘೋಷರು ಅದನ್ನು ನೆಲದ ಮೇಲೆ ಕೂತು ಕೈಯಿಂದ ಗಾಳಿ ಹಾಕುವಂತೆ ಮಾರ್ಪಡಿಸಿದರು. ಉತ್ತರ ಕರ್ನಾಟಕದಲ್ಲಿ ಅದಕ್ಕೆ ದೊಡ್ಡ ಕೆಲಸ ಕೊಟ್ಟದ್ದು ನಾಟಕ ಕಂಪನಿ. 1870ರ ದಶಕದಲ್ಲಿ ಶಾಂತಕವಿ ಸಕ್ಕರಿ ಬಾಳಾಚಾರ್ಯರು ಗದಗಿನಲ್ಲಿ ಕೃತಪುರ ನಾಟಕ ಮಂಡಳಿ ಕಟ್ಟಿದ ಮೇಲೆ ಈ ಸೀಮೆ ಕಂಪನಿಗಳ ತವರಾಯಿತು. ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿಯದೂ ಗದಗೇ.

ಮೈಕಿಲ್ಲದ ಕಾಲದಲ್ಲಿ ತಗಡಿನ ಥೇಟರಿನ ಕೊನೆಯ ಸಾಲಿಗೆ ರಂಗಗೀತೆ ಮುಟ್ಟಬೇಕು. ತಂಬೂರಿಯ ಮೃದು ನಾದ ಎರಡನೆಯ ಸಾಲನ್ನೂ ದಾಟದು. ಅದಕ್ಕೇ ಕಂಪನಿಗಳಲ್ಲಿ ಕಾಲ್ಪೇಟಿ ಉಳಿಯಿತು: ಎರಡೂ ಕೈ ಬಿಡುವು, ಕಾಲು ತುಳಿದಷ್ಟು ಗಾಳಿ, ಒಂದು ಮನೆ ಒತ್ತಿದರೆ ಎರಡು ಮೂರು ರೀಡುಗಳು ಒಟ್ಟಿಗೆ. ನಟರ ಶ್ರುತಿಯೂ ಮೇಲೇರಿತು. ಪೇಟಿಯ ನಾಲ್ಕನೆಯ, ಐದನೆಯ ಕರಿ ಮನೆಯ ಶ್ರುತಿಯಲ್ಲಿ, ಎಂದರೆ ಕರಿ ನಾಲ್ಕು, ಕರಿ ಐದರಲ್ಲಿ, ಗಂಡಸು ಹಾಡುವುದೇ ನಟನ ಯೋಗ್ಯತೆಯ ಗುರುತಾಯಿತು.

ಪೇಟಿಯ ಸ್ವರ ತಿದ್ದುವುದು ಬೇರೆಯೇ ಕಸುಬು. ರೀಡು ಎಂದರೆ ಹಿತ್ತಾಳೆಯ ತೆಳು ನಾಲಿಗೆ. ತುದಿಯನ್ನು ಕೆರೆದರೆ ಹಗುರಾಗಿ ಸ್ವರ ಏರುತ್ತದೆ, ಬುಡವನ್ನು ಕೆರೆದರೆ ಬಳುಕು ಹೆಚ್ಚಿ ಇಳಿಯುತ್ತದೆ. ಗುಜರಾತಿನ ಪಾಲಿತಾಣಾದ ರೀಡುಗಳಿಗೆ ಪೇಟಿಯವರಲ್ಲಿ ಇಂದಿಗೂ ಮರ್ಯಾದೆ ಇದೆ. ಆದರೆ ಎಷ್ಟು ಕೆರೆದರೂ ಒಂದು ತೊಡಕು ಉಳಿಯುತ್ತದೆ. ಯಾವ ಮನೆಯಿಂದಲಾದರೂ ಹಾಡು ಶುರುಮಾಡಲು ಅನುಕೂಲವಾಗಲೆಂದು ಪೇಟಿಯ ಹನ್ನೆರಡು ಮನೆಗಳನ್ನು ಸಮನಾಗಿ ಹಂಚಿರುತ್ತಾರೆ. ಹಾಗೆ ಹಂಚಿದಾಗ, ಸ್ವರಗಳ ಅಂತರ ಅಳೆಯುವ ಸೆಂಟ್ಸ್ ಲೆಕ್ಕದಲ್ಲಿ, ಗಾಂಧಾರ ಷಡ್ಜದಿಂದ 400 ಸೆಂಟ್ಸ್‌ಗೆ ಬಂದು ಕೂರುತ್ತದೆ. ತಂಬೂರಿಯಲ್ಲಿ ತಾನೇ ಹುಟ್ಟುವ ಗಾಂಧಾರ ಇರುವುದು 386ರಲ್ಲಿ. ಈ 14 ಸೆಂಟ್ಸ್‌ನ ಅಂತರ ನಾಟಕದ ಗದ್ದಲದಲ್ಲಿ ಯಾರಿಗೂ ತಿಳಿಯದು. ತಂಬೂರಿಯ ಪಕ್ಕದಲ್ಲಿ, ಯಮನ್ ರಾಗದ ಗಾಂಧಾರದ ಮೇಲೆ ನಿಂತಾಗ ಮಾತ್ರ ಕಿವಿಗೆ ಚುಚ್ಚುತ್ತದೆ.

ಪೇಟಿಗೆ ಬಹಿಷ್ಕಾರ ಬಿದ್ದಾಗ ಮುಂದಿಟ್ಟ ಕಾರಣಗಳಲ್ಲಿ ಇದೂ ಒಂದು. 1940ರ ಮಾರ್ಚ್ 1ರಿಂದ ಆಕಾಶವಾಣಿಯಲ್ಲಿ ಹಾರ್ಮೋನಿಯಂ ನಿಷಿದ್ಧವಾಯಿತು. ರವೀಂದ್ರನಾಥ ಠಾಕೂರರೂ ಪೇಟಿ ಬೇಡವೆಂಬ ಪಕ್ಷದವರೇ. 1950ರ ಜನವರಿ 8ರಂದು ಧಾರವಾಡ ಕೇಂದ್ರ ಶುರುವಾದಾಗ ಊರೂರಿನಲ್ಲಿ ಪೇಟಿ ಮಾಸ್ತರರಿದ್ದ ಈ ನಾಡಿನ ಬಾನುಲಿಯಲ್ಲೇ ಪೇಟಿಗೆ ಜಾಗವಿರಲಿಲ್ಲ. ನಿಷೇಧ ಸಡಿಲವಾದದ್ದು 1971ರಲ್ಲಿ. ಶಾಸ್ತ್ರದ ದೃಷ್ಟಿಯಿಂದ ನಿಷೇಧ ಸರಿಯೇ ಇದ್ದೀತು. ಪೇಟಿಯ ಮೇಲೆ ಹೊಟ್ಟೆ ಹೊರೆದವರಿಗೆ ಮಾತ್ರ ಅದು ಅನ್ಯಾಯ.

ಗದಗಿನಲ್ಲಿ ಎರಡೂ ವಾದ್ಯಗಳು ಒಂದೇ ಸೂರಿನಡಿ ಬಾಳಿದ ಜಾಗ ವೀರೇಶ್ವರ ಪುಣ್ಯಾಶ್ರಮ. ಹಾನಗಲ್ಲ ಕುಮಾರಸ್ವಾಮಿಗಳ ಆಶ್ರಯದಲ್ಲಿ ಬೆಳೆದ ಅಂಧ ಗಾಯಕ ಪಂಚಾಕ್ಷರಿ ಗವಾಯಿಗಳು (1892–1944) ಮೊದಲು ಶಿಷ್ಯರನ್ನು ಕಟ್ಟಿಕೊಂಡು ಊರೂರು ಸಂಚರಿಸುತ್ತ ಪಾಠ ಹೇಳಿ, ಆಮೇಲೆ ಇಲ್ಲಿ ನೆಲೆನಿಂತವರು. ಅವರ ನಂತರ ಆಶ್ರಮ ನಡೆಸಿದ ಪುಟ್ಟರಾಜ ಗವಾಯಿಗಳು (1914–2010) ಗಾಯನದ ಜೊತೆಗೆ ಹಲವು ವಾದ್ಯಗಳಲ್ಲಿ ನುರಿತವರು. ಆಶ್ರಮದ ಹೊಟ್ಟೆ ತುಂಬಿಸಲು ಕುಮಾರೇಶ್ವರ ಕೃಪಾಪೋಷಿತ ನಾಟ್ಯಸಂಘವನ್ನೂ ನಡೆಸಿದರು. ಒಂದು ಕಡೆ ತಂಬೂರಿಯ ಪಾಠ, ಇನ್ನೊಂದು ಕಡೆ ಪೇಟಿಯ ನಾಟಕ. ಕಣ್ಣಿಲ್ಲದ ವಿದ್ಯಾರ್ಥಿಗೆ ತಂಬೂರಿ ಕೂಡಿಸುವುದು ಕೊರತೆ ಅನ್ನಿಸದ ವಿದ್ಯೆ. ಕಿವಿ ಚುರುಕಾಗಿದ್ದು, ಬೆರಳ ತುದಿಗೆ ಎಳೆಯ ಜಾಗ ಗೊತ್ತಾದರೆ ಸಾಕು.

ಆಮೇಲೆ ಮೈಕು ಬಂತು. 1931ರ ಕರಾಚಿ ಕಾಂಗ್ರೆಸ್ಸಿನ ಹೊತ್ತಿಗೆ ಮೋಟವಾನಿಯವರ ಶಿಕಾಗೊ ರೇಡಿಯೊ ಎಂಬ ಕಂಪನಿ ಸಭೆಗಳಿಗೆ ಧ್ವನಿವರ್ಧಕ ಹೂಡುತ್ತಿತ್ತು. ದಿಲ್ಲಿಯ ಅಹುಜಾ ಸಂಸ್ಥೆ ಹುಟ್ಟಿದ್ದು 1940ರಲ್ಲಿ. ಕಂಪನಿ ನಾಟಕಗಳಲ್ಲಿ ರಂಗದ ಮೇಲಿಂದ ತೂಗುಬಿಟ್ಟ ಮೈಕು, ಸಂವಾದ ಹೇಳಲು ಅದರ ಕೆಳಗೇ ಬಂದು ನಿಲ್ಲುವ ರಾಜ, ರಾಣಿ, ಹಾಸ್ಯಗಾರ! ಮೇಲಿನ ಶ್ರುತಿಯ ಅಗತ್ಯ ತಪ್ಪಿತು. ಜಾತ್ರೆಯಲ್ಲಿ ಬೇವಿನ ಮರಕ್ಕೆ ಕಟ್ಟಿದ ಹಾರ್ನು ಮೂರು ಊರಿಗೆ ಕೇಳತೊಡಗಿತು.

ಹಾರ್ನಿನ ಕುಂದು ಬೇರೆ. ಅದು ಕೆಳಗಿನ ಸ್ವರಗಳನ್ನು ನುಂಗುತ್ತದೆ. ಕರಿ ಒಂದರ ಶ್ರುತಿಗೆ ಕೂಡಿಸಿದ ಗಂಡಸರ ತಂಬೂರಿಯ ಖರ್ಜ ಸೆಕೆಂಡಿಗೆ ಸುಮಾರು 69 ಸಲ ಕಂಪಿಸುತ್ತದೆ. ಹಾರ್ನಿನ ಗಂಟಲು ಅಷ್ಟು ಕೆಳಕ್ಕೆ ಇಳಿಯದು. ಭಜನೆ, ಕೀರ್ತನೆಗಳಲ್ಲಿ ತಾಳದ ಸದ್ದು, ಪೇಟಿಯ ಕೀರಲು ಮುಂದಾಗಿ ತಂಬೂರಿ ಕಣ್ಣಿಗೆ ಕಾಣುವ ಅಲಂಕಾರವಾದದ್ದರಲ್ಲಿ ಈ ಹಾರ್ನಿನ ಪಾಲು ದೊಡ್ಡದು.

ಅದೇ 69 ಕಂಪನದ ಸ್ವರ ಬಾಸ್ ಗಿಟಾರಿನಲ್ಲಿ ಎ ತಂತಿಯ ನಾಲ್ಕನೆಯ ಮನೆಯಲ್ಲಿ ಸಿಗುತ್ತದೆ. ಲಿಯೊ ಫೆಂಡರ್ 1951ರಲ್ಲಿ ಅಮೆರಿಕದಲ್ಲಿ ಮಾರುಕಟ್ಟೆಗೆ ತಂದ ಪ್ರಿಸಿಷನ್ ಬಾಸ್ ಬುರುಡೆಯೇ ಇಲ್ಲದ ವಾದ್ಯ. ಗಟ್ಟಿ ಮರ, ಅದರ ಮೇಲೆ ಅಯಸ್ಕಾಂತಕ್ಕೆ ತಾಮ್ರದ ತಂತಿ ಸುತ್ತಿದ ಪಿಕಪ್. ಪಿಕಪ್ ಕತ್ತಿನ ಕಡೆಗಿದ್ದರೆ ನಾದ ತುಂಬಿಕೊಳ್ಳುತ್ತದೆ, ಘೋಡಿಯ ಕಡೆಗಿದ್ದರೆ ತೆಳುವಾಗಿ ಹರಿತವಾಗುತ್ತದೆ. ಮಿರಜಿನವರು ಎಳೆ ಸರಿಸಿ ಹುಡುಕುವುದನ್ನೇ ಇಲ್ಲಿ ಪಿಕಪ್ಪಿನ ಜಾಗದಲ್ಲಿ ಹುಡುಕುತ್ತಾರೆ. ಬುರುಡೆಯ ಕೆಲಸ ಸ್ಪೀಕರ್ ಪೆಟ್ಟಿಗೆಗೆ ಹೋಯಿತು. ಆಂಪೆಗ್ ಕಂಪನಿಯ 1969ರ ಎಸ್‌ವಿಟಿಯಲ್ಲಿ 300 ವಾಟಿನ ಆಂಪ್ಲಿಫೈಯರಿಗೆ ಹತ್ತಿಂಚಿನ ಎಂಟೆಂಟು ಸ್ಪೀಕರುಗಳ ಎರಡು ಪೆಟ್ಟಿಗೆ. ಕನ್ನಡಕ್ಕೂ ಬಾಸ್ ಬಂದಾಗಿದೆ: ಶಿಶುನಾಳ ಶರೀಫರ ತತ್ವಪದಗಳನ್ನು ಹಾಡುವ ರಘು ದೀಕ್ಷಿತ್ ಪ್ರಾಜೆಕ್ಟ್ ತಂಡದಲ್ಲಿ, ಏಕತಾರಿ ಇರಬೇಕಾದ ಜಾಗದಲ್ಲಿ, ಗೌರವ್ ವಾಜ್ ಅವರ ಬಾಸ್ ಗಿಟಾರ್ ಕೇಳಿಸಿತು. ಪದಕ್ಕೆ ಅದರಿಂದ ಹಾನಿಯಾಗಲಿಲ್ಲ. ಏಕತಾರಿಯೂ ಆಧಾರದ ನಾದವೇ, ಬಾಸೂ ಅಷ್ಟೇ.

ತಂಬೂರಿಗೆ ನಿಜವಾದ ಪೈಪೋಟಿ ಬಂದದ್ದು ಬೆಂಗಳೂರಿನಿಂದ. ಎಂಜಿನಿಯರೂ ಕೊಳಲುವಾದಕರೂ ಆದ ಜಿ. ರಾಜ್ ನಾರಾಯಣ್ 1979ರಲ್ಲಿ ರೇಡೆಲ್ ಸಂಸ್ಥೆ ಕಟ್ಟಿ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆಯನ್ನು ತಂದರು, ಮುಂದೆ ಎಲೆಕ್ಟ್ರಾನಿಕ್ ತಂಬೂರಿಯನ್ನೂ. ಬಸ್ಸಿನಲ್ಲಿ ಒಯ್ಯಬಹುದು, ಮಳೆಗೆ ಶ್ರುತಿ ಇಳಿಯದು, ಮಿಡಿಯಲು ಶಿಷ್ಯ ಬೇಡ. ಈಗ ಮೊಬೈಲಿನಲ್ಲೇ ಆಯಿತು. ಒಬ್ಬನೇ ಕೂತು ರಿಯಾಜು ಮಾಡುವವನಿಗೆ ಇದು ಉಪಕಾರವೇ ಸರಿ. ಹೋದದ್ದೇನೆಂದರೆ, ಹಾಡುವ ಮೊದಲು ಬಿರಡೆ ತಿರುವುತ್ತ, ಎಳೆ ಸರಿಸುತ್ತ ಕಿವಿ ಪಳಗಿಸಿಕೊಳ್ಳುತ್ತಿದ್ದ ಆ ಹೊತ್ತು.

2024ರಲ್ಲಿ ಮಿರಜಿನ ಸಿತಾರ ಮತ್ತು ತಂಬೂರಿಗೆ ಭೌಗೋಳಿಕ ಸೂಚಕದ (ಜಿಐ) ಮಾನ್ಯತೆ ಸಿಕ್ಕಿತು. ಗುರುತಿನ ಚೀಟಿಯಿಂದಲೇ ಕಸುಬು ಬದುಕುವುದಿಲ್ಲ, ಗಿರಾಕಿ ಬೇಕು. ರೋಣ, ಗಜೇಂದ್ರಗಡದ ಕಡೆ ಯಾರದಾದರೂ ಮನೆಯ ಅಟ್ಟದಲ್ಲಿ, ಊರ ಮಠದ ಮೂಲೆಯಲ್ಲಿ ಹಳೆಯ ತಂಬೂರಿ ಇದ್ದರೆ ಎಸೆಯಬೇಡಿ. ತಂತಿ ಸಡಿಲಿಸಿ, ಇಲಿ ಮತ್ತು ತೇವ ತಾಕದ ಕಡೆ ನಿಲ್ಲಿಸಿ. ಗೀರು ಬಿದ್ದ ಘೋಡಿಯನ್ನು ಕಿತ್ತು ಪ್ಲಾಸ್ಟಿಕ್ಕಿನದು ಹಾಕಿಸುವ ಬದಲು, ಜವಾರಿ ತೆಗೆಯಬಲ್ಲ ಕೈಗೆ ಒಮ್ಮೆ ಒಪ್ಪಿಸಿ.