ತೆಕ್ಕಲಕೋಟೆ ಭಾಗದ ರಸ್ತೆಗಳ ಸ್ಥಿತಿ ಮತ್ತು ಸಂಚಾರ ಫಲಕಗಳು: ಪರಊರಿನ ದ್ವಿಚಕ್ರ ವಾಹನ ಸವಾರರಿಗೆ ಮಾಹಿತಿ

ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆ ಪಟ್ಟಣವು ಬಳ್ಳಾರಿ–ಸಿರುಗುಪ್ಪ ನಡುವೆ ರಾಷ್ಟ್ರೀಯ ಹೆದ್ದಾರಿ 150ಎ ಮಾರ್ಗದಲ್ಲಿದೆ. ರಾಷ್ಟ್ರೀಯ ಹೆದ್ದಾರಿಯ ಕಿಲೋಮೀಟರ್ ಕಲ್ಲಿನ ತಲೆಭಾಗವು ಹಳದಿ, ರಾಜ್ಯ ಹೆದ್ದಾರಿಯದು ಹಸಿರು, ಗ್ರಾಮ ಸಡಕ್ ಯೋಜನೆಯ ರಸ್ತೆಯದು ಕಿತ್ತಳೆ ಬಣ್ಣದ್ದಾಗಿರುತ್ತದೆ. ಯಾವ ಕಲ್ಲೂ ಕಾಣದಿದ್ದಲ್ಲಿ ಅದು ಹೊಲದ ಬಂಡಿದಾರಿಯಿರಬಹುದೆಂದು ತಿಳಿಯತಕ್ಕದ್ದು.

ಈ ಭಾಗದ್ದು ಎರೆಭೂಮಿ. ಬೇಸಿಗೆಯಲ್ಲಿ ಗಟ್ಟಿಯಾಗಿ ಬಿರಿಯುವ ಮಣ್ಣು ಮಳೆ ಬಿದ್ದೊಡನೆ ಅಂಟಾಗಿ, ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ತುಂಬಿಕೊಂಡು, ಚಕ್ರವು ತಿರುಗದಂತೆ ಮಾಡುತ್ತದೆ. ಆದುದರಿಂದ ಮಳೆಯ ಸಮಯದಲ್ಲಿ ಹತ್ತಿರವಾಗುವುದೆಂದು ಬಂಡಿದಾರಿಗೆ ಇಳಿಯಬಾರದು. ಇಳಿದವರು ವಾಹನವನ್ನು ಅಲ್ಲಿಯೇ ಬಿಟ್ಟು ನಡೆದು ಬರಬೇಕಾಗುವುದುಂಟು. ಡಾಂಬರು ರಸ್ತೆಯ ಮೇಲೂ ಟ್ರ್ಯಾಕ್ಟರ್ ಚಕ್ರಗಳಿಂದ ಉದುರಿದ ಕೆಸರಿನಲ್ಲಿ ಹಠಾತ್ ಬ್ರೇಕ್ ಹಾಕಿದರೆ ವಾಹನ ಜಾರುತ್ತದೆ.

ಕೊಯ್ಲಿನ ಕಾಲದಲ್ಲಿ ರಸ್ತೆಯಂಚಿನಲ್ಲಿ ಭತ್ತ ಒಣಹಾಕುವ ರೂಢಿಯಿದೆ. ಅದರ ಸುತ್ತ ಇಡುವ ಕಲ್ಲುಗಳು ರಾತ್ರಿ ಕಾಣುವುದಿಲ್ಲ. ಅವುಗಳಿಗೆ ಯಾವ ಎಚ್ಚರಿಕೆ ಫಲಕವೂ ಇರುವುದಿಲ್ಲ.

ಕೆಂಪು ಅಂಚಿನ ತ್ರಿಕೋನ ಫಲಕವು ಎಚ್ಚರಿಕೆಯನ್ನೂ, ವೃತ್ತಾಕಾರದ ಫಲಕವು ಕಡ್ಡಾಯ ಆದೇಶವನ್ನೂ, ಆಯತಾಕಾರದ್ದು ಮಾಹಿತಿಯನ್ನೂ ಸೂಚಿಸುತ್ತದೆ. ಮೋಟಾರು ವಾಹನಗಳ ಅಧಿನಿಯಮ, 1988ರ ಕಲಂ 129ರಂತೆ ಸವಾರರು ಹಾಗೂ ಹಿಂಬದಿ ಸವಾರರು ಹೆಲ್ಮೆಟ್ ಧರಿಸತಕ್ಕದ್ದು. ಅಪಘಾತವಾದಲ್ಲಿ 112ಕ್ಕೆ ಕರೆ ಮಾಡಿ, ಹತ್ತಿರದ ಕಿಲೋಮೀಟರ್ ಕಲ್ಲಿನ ಬಣ್ಣ ಮತ್ತು ಅದರ ಮೇಲಿನ ಅಂಕಿಯನ್ನು ತಿಳಿಸುವುದು.