ಗೈಡ್ ಚಳವಳಿ ಮತ್ತು ಅದರ ವೇತನವಿಲ್ಲದ ಸೇವಕಿಯರು

ಸಂಸ್ಥೆಗಳ ಇತಿಹಾಸವನ್ನು ಬರೆಯುವವರು ಸ್ಥಾಪಕರ ಹೆಸರು, ಸ್ಥಾಪನೆಯ ವರ್ಷ, ಅಧ್ಯಕ್ಷರ ಪರಂಪರೆ ಇಷ್ಟನ್ನು ಹೇಳಿ ತೃಪ್ತರಾಗುವುದು ವಾಡಿಕೆ. ವಾರವಾರವೂ ಮಕ್ಕಳನ್ನು ಕೂಡಿಸಿ, ಬಿಸಿಲು ಮಳೆ ಎನ್ನದೆ ಅವರೊಡನೆ ನಿಂತು, ಒಂದು ಕಾಸನ್ನೂ ಅಪೇಕ್ಷಿಸದೆ ಸೇವೆ ಸಲ್ಲಿಸಿದವರ ಹೆಸರು ಆ ಪುಟಗಳಲ್ಲಿ ದೊರೆಯುವುದು ವಿರಳ. ಬಾಲಿಕೆಯರ ಗೈಡ್ ಚಳವಳಿಯು ಒಂದು ಶತಮಾನಕ್ಕೂ ಮಿಕ್ಕಿ ಬಾಳಿರುವುದಾದರೆ, ಅದರ ಶ್ರೇಯಸ್ಸಿನ ಬಹುಭಾಗವು ಇಂಥ ಹೆಸರಿಲ್ಲದ ಹಿರಿಯರಿಗೇ ಸಲ್ಲತಕ್ಕದ್ದು.

ಬೇಡನ್ ಪೊವೆಲ್ಲರು ೧೯೦೭ರಲ್ಲಿ ಬ್ರೌನ್‌ಸೀ ದ್ವೀಪದಲ್ಲಿ ನಡೆಸಿದ ಶಿಬಿರವು ಬಾಲಕರಿಗಾಗಿಯೇ ಏರ್ಪಟ್ಟಿತ್ತು. ಆದರೆ ೧೯೦೯ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನಲ್ಲಿ ಸ್ಕೌಟುಗಳ ಮೇಳವು ನೆರೆದಾಗ, ಕರೆಯದಿದ್ದರೂ ಕೆಲವು ಬಾಲಿಕೆಯರು ಬಂದು ತಾವೂ ಸ್ಕೌಟುಗಳೆಂದು ನಿಂತರು. ಅವರಿಗಾಗಿ ೧೯೧೦ರಲ್ಲಿ ಗೈಡ್ ಸಂಸ್ಥೆಯು ಪ್ರತ್ಯೇಕವಾಗಿ ಹುಟ್ಟಿತು. ಅದರ ಭಾರವನ್ನು ಹೊತ್ತವರು ಬೇಡನ್ ಪೊವೆಲ್ಲರ ಸೋದರಿ, ಐವತ್ತು ದಾಟಿದ ಅವಿವಾಹಿತೆ, ಆಗ್ನೆಸ್. ಹೆಣ್ಣುಮಕ್ಕಳು ಬಯಲಿನಲ್ಲಿ ಡೇರೆ ಹಾಕುವುದೆಂದರೆ ಆ ದೇಶದಲ್ಲಿಯೂ ಹುಬ್ಬೇರಿಸುವ ಕಾಲವದು. ಅಮೆರಿಕೆಯಲ್ಲಿ ೧೯೧೨ರ ಮಾರ್ಚ್ ೧೨ರಂದು ಸವಾನಾ ನಗರದಲ್ಲಿ ೧೮ ಬಾಲಿಕೆಯರೊಡನೆ ಈ ಕಾರ್ಯವನ್ನಾರಂಭಿಸಿದ ಜೂಲಿಯೆಟ್ ಗಾರ್ಡನ್ ಲೋ ಅವರಿಗೆ ಕಿವಿ ಬಹುಮಟ್ಟಿಗೆ ಕೇಳಿಸುತ್ತಿರಲಿಲ್ಲ. ಸಂಸ್ಥೆಯ ಖರ್ಚು ಮೀರಿದಾಗ ಆಕೆ ತಮ್ಮ ಮುತ್ತಿನ ಹಾರವನ್ನೇ ಮಾರಿ ಅದನ್ನು ಉಳಿಸಿಕೊಂಡರು.

ನಮ್ಮ ದೇಶಕ್ಕೆ ಈ ಚಳವಳಿಯು ಬೇಗನೆ ಬಂದಿತು. ೧೯೦೯ರಲ್ಲಿ ಕ್ಯಾಪ್ಟನ್ ಟಿ. ಎಚ್. ಬೇಕರ್ ಅವರು ಬೆಂಗಳೂರಿನಲ್ಲಿ ಬಾಲಕರ ದಳವನ್ನು ತೆರೆದರು. ೧೯೧೧ರಲ್ಲಿ ಜಬಲಪುರದಲ್ಲಿ ಮೊದಲನೆಯ ಗೈಡ್ ದಳವು ಹುಟ್ಟಿತು. ಅದು ಯುರೋಪಿಯನ್ ಮತ್ತು ಆಂಗ್ಲೋ-ಇಂಡಿಯನ್ ಬಾಲಿಕೆಯರಿಗೆ ಮಾತ್ರ ಮೀಸಲಾಗಿತ್ತು. ಭಾರತೀಯ ಬಾಲಿಕೆಯರಿಗೆ ಬಾಗಿಲು ತೆರೆದದ್ದು ೧೯೧೬ರಲ್ಲಿ. ಅದೇ ವರ್ಷ ಆನಿ ಬೆಸೆಂಟ್ ಮತ್ತು ಜಿ. ಎಸ್. ಅರುಂಡೇಲ್ ಅವರು ಮದರಾಸಿನಲ್ಲಿ ಭಾರತೀಯ ಬಾಲಕರಿಗಾಗಿ ಬೇರೆ ಸ್ಕೌಟ್ ಸಂಘವನ್ನೇ ಕಟ್ಟಿದರು. ಹೀಗೆ ಕವಲೊಡೆದ ಸಂಸ್ಥೆಗಳು ಸ್ವಾತಂತ್ರ್ಯಾನಂತರ ೧೯೫೦ರ ನವೆಂಬರ್ ೭ರಂದು ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಎಂಬ ಹೆಸರಿನಲ್ಲಿ ಒಂದಾದವು. ಗೈಡ್ ಸಂಸ್ಥೆಯು ೧೯೫೧ರ ಆಗಸ್ಟ್ ೧೫ರಂದು ಅದರಲ್ಲಿ ಸೇರಿತು. ಮುಂದೆ ಆ ಸಂಸ್ಥೆಯ ರಾಷ್ಟ್ರೀಯ ಕಮಿಷನರ್ ಪದವಿಯನ್ನು ಶ್ರೀಮತಿ ಲಕ್ಷ್ಮೀ ಮಜುಂದಾರರು ದೀರ್ಘಕಾಲ ನಿರ್ವಹಿಸಿದರು. ಗೈಡುಗಳ ವಿಶ್ವಕೇಂದ್ರಗಳಲ್ಲೊಂದಾದ ‘ಸಂಗಮ’ವು ೧೯೬೬ರಲ್ಲಿ ಪುಣೆಯಲ್ಲಿ, ನಮ್ಮ ಸೊಲ್ಲಾಪುರದ ರೈಲುದಾರಿಯಲ್ಲಿಯೇ, ತೆರೆಯಿತು.

ಇವೆಲ್ಲ ಹೊರಗೆ ಕಾಣುವ ಚರಿತ್ರೆ. ಒಳಗಿನ ಚರಿತ್ರೆಯನ್ನು ನಡೆಸಿದವಳು ಗೈಡ್ ಕ್ಯಾಪ್ಟನ್. ಈ ಪದ್ಧತಿಯಲ್ಲಿ ಆರೆಂಟು ಬಾಲಿಕೆಯರದು ಒಂದು ತಂಡ. ಅವರಲ್ಲೊಬ್ಬಳೇ ಅದಕ್ಕೆ ನಾಯಕಿ. ಗಂಟು ಕಟ್ಟುವುದು, ಗಾಯಕ್ಕೆ ಪಟ್ಟಿ ಸುತ್ತುವುದು, ಒಲೆ ಹೂಡಿ ಅಡಿಗೆ ಮಾಡುವುದು ಎಲ್ಲವನ್ನೂ ಮಕ್ಕಳೇ ಮಾಡಬೇಕು. ಕ್ಯಾಪ್ಟನ್ನಳು ಒಂದು ಹೆಜ್ಜೆ ಹಿಂದೆ ನಿಂತಿರಬೇಕು. ಹೀಗೆ ಹಿಂದೆ ನಿಲ್ಲುವುದು ಮುಂದೆ ನಿಂತು ಅಪ್ಪಣೆ ಕೊಡುವುದಕ್ಕಿಂತ ಕಠಿಣ. ಬಹುತೇಕ ಆಕೆ ಶಾಲೆಯ ಶಿಕ್ಷಕಿಯೇ ಆಗಿರುತ್ತಾಳೆ. ಪಾಠ ಮುಗಿದ ಮೇಲೆ ತನ್ನ ಮನೆಗೆ ಸಲ್ಲಬೇಕಾದ ವೇಳೆಯನ್ನು ದಳಕ್ಕೆ ಕೊಡುತ್ತಾಳೆ. ಇನ್ನು ಶಿಬಿರದ ಮಾತು. ಮಗಳನ್ನು ಮೂರು ರಾತ್ರಿ ಹೊರಗೆ ಕಳುಹಿಸಲು ತಂದೆತಾಯಿಗಳು ಒಪ್ಪುವುದು ಸಂಸ್ಥೆಯ ಹೆಸರನ್ನು ನೋಡಿಯಲ್ಲ, “ಬಾಯಾರು ಜೊತೆಗಿದ್ದಾರೆ” ಎಂಬ ಒಂದೇ ನಂಬಿಕೆಯಿಂದ. ಆ ನಂಬಿಕೆಯುಳ್ಳ ಒಬ್ಬ ಹೆಂಗಸು ವರ್ಗವಾಗಿ ಹೋದರೆ, ಆಕೆಯ ಸ್ಥಾನಕ್ಕೆ ಬರುವವರಿಲ್ಲದೆ ದಳವೇ ಮುಚ್ಚಿಹೋಗುತ್ತದೆ.

ಇಂಥ ಸೇವೆಗೆ ಮಕ್ಕಳು ಸಲ್ಲಿಸಿದ ಕೃತಜ್ಞತೆಯ ಉಜ್ವಲ ನಿದರ್ಶನವೊಂದು ದ್ವಿತೀಯ ಮಹಾಯುದ್ಧದಲ್ಲಿ ದೊರೆಯುತ್ತದೆ. ೧೯೪೨ರ ಫೆಬ್ರವರಿ ೧೫ರಂದು ಸಿಂಗಾಪುರವು ಜಪಾನೀಯರ ವಶವಾಯಿತು. ಅಲ್ಲಿದ್ದ ಬ್ರಿಟಿಷ್ ಮೊದಲಾದ ನಾಗರಿಕರನ್ನು ಚಾಂಗಿ ಸೆರೆಮನೆಯಲ್ಲಿ ಕೂಡಿದರು. ಹೆಂಗಸರನ್ನೂ ಮಕ್ಕಳನ್ನೂ ಗಂಡಸರಿಂದ ಅಗಲಿಸಿ ಇಟ್ಟರು. ಆ ಬಂದಿಗಳಲ್ಲಿ ಎಲಿಜಬೆತ್ ಎನ್ನಿಸ್ ಎಂಬ ದಾದಿಯೊಬ್ಬರಿದ್ದರು. ಅನ್ನಕ್ಕೂ ಕೊರತೆಯಿದ್ದ ಆ ಸ್ಥಳದಲ್ಲಿ ಅವರು ಸುಮಾರು ೨೦ ಬಾಲಿಕೆಯರನ್ನು ಸೇರಿಸಿ ಗೈಡ್ ದಳವೊಂದನ್ನು ನಡೆಸಿದರು. ೮ರಿಂದ ೧೬ ವರ್ಷದ ಆ ಮಕ್ಕಳು ವಾರಕ್ಕೊಮ್ಮೆ ಸೆರೆಯಂಗಳದ ಮೂಲೆಯಲ್ಲಿ ಕೂಡುತ್ತಿದ್ದರು.

ತಮ್ಮ ಕ್ಯಾಪ್ಟನ್ನಳ ಹುಟ್ಟುಹಬ್ಬಕ್ಕೆ ಏನನ್ನಾದರೂ ಕೊಡಬೇಕೆಂದು ಮಕ್ಕಳು ಬಯಸಿದರು. ಕೊಡಲು ಕೈಯಲ್ಲಿ ಏನಿದೆ? ಹರಿದ ಉಡುಪುಗಳ ಚೂರುಗಳನ್ನು ಕೂಡಿಸಿ, ಹಳೆಯ ಬಟ್ಟೆಯಿಂದ ದಾರವನ್ನು ಎಳೆದು, ಷಟ್ಕೋನದ ತುಂಡುಗಳನ್ನು ಹೂವಿನಾಕಾರದಲ್ಲಿ ಜೋಡಿಸಿ, ಅವರಿಗೆ ತಿಳಿಯದಂತೆ ಒಂದು ಕೌದಿಯನ್ನು ಹೊಲಿದರು. ಅದರಲ್ಲಿ ತಮ್ಮ ತಮ್ಮ ಹೆಸರುಗಳನ್ನೂ ಕಸೂತಿಯಲ್ಲಿ ಬರೆದರು. ಇದನ್ನು ಕಂಡೇ ಸೆರೆಯ ಹೆಂಗಸರೂ ಕೌದಿಗಳನ್ನು ಹೊಲಿಯಲು ತೊಡಗಿದರೆಂದು ಹೇಳುತ್ತಾರೆ. ಅವುಗಳಲ್ಲಿ ಹೊಲಿದ ಹೆಸರು, ಗುರುತುಗಳ ಮೂಲಕ ತಾವು ಬದುಕಿರುವ ವಾರ್ತೆಯನ್ನು ಆಚೆಯ ಗಂಡಸರಿಗೆ ಮುಟ್ಟಿಸಬೇಕೆಂಬುದು ಅವರ ಆಸೆಯಾಗಿತ್ತು. ಮಕ್ಕಳ ಆ ಕೌದಿಯು ಈಗ ಲಂಡನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಂನಲ್ಲಿದೆ. ಹಳೆಯ ಸೀರೆ ಧೋತರಗಳ ಪದರಗಳನ್ನು ಸೇರಿಸಿ ಕೌದಿ ಹೊಲಿಯುವ ಅಜ್ಜಿಯರನ್ನು ಕಂಡ ನಮ್ಮ ಅಕ್ಕಲಕೋಟೆ, ಜತ್ತ ಭಾಗದ ಕುಟುಂಬಗಳಿಗೆ ಆ ಉಡುಗೊರೆಯ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಿರಿಯ ಸೇವಕರನ್ನು ಸನ್ಮಾನಿಸುವ ಕ್ರಮ ಚಳವಳಿಯಲ್ಲಿಯೂ ಇದೆ. ಭಾರತದಲ್ಲಿ ‘ರಜತ ಗಜ’ವೆಂಬ ಅತ್ಯುಚ್ಚ ಪದಕವಿದೆ; ಅಮೆರಿಕೆಯ ಬಾಲಿಕೆಯರು ಏಪ್ರಿಲ್ ೨೨ನ್ನು ನಾಯಕಿಯರ ದಿನವೆಂದು ಆಚರಿಸುತ್ತಾರೆ. ಆದರೆ ಪದಕವು ಸಾವಿರಕ್ಕೊಬ್ಬರಿಗೆ ದೊರೆಯುವಂಥದು. ಉಳಿದವರಿಗೆ ದೊರೆಯಬೇಕಾದುದು ಊರಿನ ನೆರವು. ಗಡಿನಾಡಿನ ಕನ್ನಡ ಶಾಲೆಯಲ್ಲಿ ಇಂಥ ಒಬ್ಬ ಶಿಕ್ಷಕಿಯಿದ್ದರೆ, ಶಿಬಿರಕ್ಕೆ ಜೋಳ ಬೇಳೆ ಕೊಡುವ ಮನೆ, ಬಂಡಿ ಕೊಡುವ ರೈತ, ರಾತ್ರಿ ಜೊತೆಗಿರುವ ಇನ್ನೊಬ್ಬ ತಾಯಿ ಬೇಕು. ಮುಖ್ಯವಾಗಿ, ಆಕೆಯ ಕೆಲಸವನ್ನು ಕಲಿತು ಮುಂದೆ ನಡೆಸುವ ತರುಣಿಯೊಬ್ಬಳು ಬೇಕು. ಅಂಥವಳನ್ನು ಈಗಲೇ ಆಕೆಯ ಬದಿಗೆ ನಿಲ್ಲಿಸುವುದೇ ಊರು ಆಕೆಗೆ ಸಲ್ಲಿಸಬಹುದಾದ ನಿಜವಾದ ಗೌರವ.