ಉಮಾಶ್ರೀ

ಉಮಾಶ್ರೀ (ಜನನ: ೧೯೫೭) ಕನ್ನಡ ರಂಗಭೂಮಿ, ಚಲನಚಿತ್ರ ಹಾಗೂ ಕಿರುತೆರೆಯ ಪ್ರಮುಖ ಅಭಿನೇತ್ರಿ ಮತ್ತು ರಾಜಕಾರಣಿ. 'ಗುಲಾಬಿ ಟಾಕೀಸ್' ಚಿತ್ರದ ಅಭಿನಯಕ್ಕಾಗಿ ಶ್ರೇಷ್ಠ ನಟಿ ರಾಷ್ಟ್ರಪ್ರಶಸ್ತಿ ಪಡೆದಿದ್ದಾರೆ. ಅವರ ಹುಟ್ಟೂರು ನೊಣವಿನಕೆರೆ. ಇದು ಅರಸೀಕೆರೆಗೆ ಹೊಂದಿಕೊಂಡಿರುವ, ತುಮಕೂರು ಜಿಲ್ಲೆಯ ತಿಪಟೂರು ತಾಲ್ಲೂಕಿನಲ್ಲಿದೆ.

ರಂಗಭೂಮಿ

ಉಮಾಶ್ರೀ ಅವರಿಗೆ ಹೆಚ್ಚಿನ ಕೀರ್ತಿ ತಂದ ರಂಗಪಾತ್ರ 'ಒಡಲಾಳ'ದ ಸಾಕವ್ವ. ದೇವನೂರ ಮಹಾದೇವರ ಕಿರುಕಾದಂಬರಿಯ ಈ ರಂಗರೂಪವನ್ನು ಸಿ.ಜಿ. ಕೃಷ್ಣಸ್ವಾಮಿ ನಿರ್ದೇಶಿಸಿದರು. ಕಳೆದುಹೋದ ಹುಂಜವನ್ನು ಹುಡುಕುತ್ತ ಊರೆಲ್ಲ ಅಲೆಯುವ ಬಡ ದಲಿತ ಕುಟುಂಬದ ವೃದ್ಧೆ ಸಾಕವ್ವ. ತಮಗಿಂತ ಬಹಳ ಹಿರಿಯಳಾದ ಈ ಹೆಂಗಸಿನ ನಡಿಗೆ, ಮಾತು, ಸಿಟ್ಟು, ಅಕ್ಕರೆಗಳನ್ನು ಯುವ ನಟಿ ಸಹಜವಾಗಿ ಮೈಗೂಡಿಸಿಕೊಂಡದ್ದು ಪ್ರೇಕ್ಷಕರ ಮೆಚ್ಚುಗೆಗೆ ಪಾತ್ರವಾಯಿತು.

ಚಲನಚಿತ್ರ

ಕಾಶೀನಾಥ್ ನಿರ್ದೇಶನದ 'ಅನುಭವ' (೧೯೮೪) ಅವರನ್ನು ಚಿತ್ರರಸಿಕರಿಗೆ ಪರಿಚಯಿಸಿತು. ಮುಂದೆ ಎನ್.ಎಸ್. ರಾವ್, ದಿನೇಶ್ ಮೊದಲಾದವರೊಡನೆ ಹಾಸ್ಯಪಾತ್ರಗಳಲ್ಲಿ ಜನಪ್ರಿಯರಾದರು. ಆದರೆ ಇವುಗಳಲ್ಲಿ ಅನೇಕವು ದ್ವಂದ್ವಾರ್ಥದ ಸಂಭಾಷಣೆಗೆ ಸೀಮಿತವಾಗಿದ್ದವು. ರಂಗದ ಮೇಲೆ ಕಂಡ ಗಂಭೀರ ಪ್ರತಿಭೆಗೆ ಬೆಳ್ಳಿತೆರೆಯಲ್ಲಿ ತಕ್ಕ ಅವಕಾಶ ದೊರೆಯಲು ದೀರ್ಘಕಾಲ ಹಿಡಿಯಿತು.

ಅಂತಹ ಅವಕಾಶವನ್ನು ಒದಗಿಸಿದ್ದು ಗಿರೀಶ್ ಕಾಸರವಳ್ಳಿ ನಿರ್ದೇಶನದ 'ಗುಲಾಬಿ ಟಾಕೀಸ್' (೨೦೦೮). ವೈದೇಹಿ ಅವರ ಕಥೆಯನ್ನು ಆಧರಿಸಿದ ಈ ಚಿತ್ರದ ನಾಯಕಿ ಗುಲಾಬಿ, ಕರಾವಳಿಯ ಮೀನುಗಾರರ ಊರಿನ ಮುಸ್ಲಿಂ ಸೂಲಗಿತ್ತಿ. ಸಿನಿಮಾ ನೋಡುವ ಹುಚ್ಚಿರುವ, ಗಂಡನಿಂದ ದೂರವಾದ ಒಂಟಿ ಹೆಣ್ಣು. ಹೆರಿಗೆ ಮಾಡಿಸಿದ್ದಕ್ಕೆ ಉಡುಗೊರೆಯಾಗಿ ಬಂದ ಟೆಲಿವಿಷನ್ ಅವಳ ಮನೆಯನ್ನು ನೆರೆಯ ಹೆಂಗಸರು ಕೂಡುವ ತಾಣವಾಗಿಸುತ್ತದೆ. ಕಾರ್ಗಿಲ್ ಯುದ್ಧಕಾಲದ ಕೋಮುದ್ವೇಷ ಹಳ್ಳಿಯನ್ನು ಆವರಿಸಿದಾಗ ಅದೇ ಗುಲಾಬಿ ಊರು ಬಿಡಬೇಕಾಗುತ್ತದೆ. ಹಾಸ್ಯನಟಿಯೆಂದೇ ಪರಿಚಿತರಾಗಿದ್ದ ಉಮಾಶ್ರೀ, ಇಲ್ಲಿ ನಗು ಮತ್ತು ಅಳಲು ಎರಡನ್ನೂ ಅಬ್ಬರವಿಲ್ಲದೆ ನಿರ್ವಹಿಸಿದರು. ಈ ಪಾತ್ರಕ್ಕೆ ೨೦೦೭ನೇ ಸಾಲಿನ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿ ಸಂದಿತು.

ಕಾಸರವಳ್ಳಿಯವರ 'ಕನಸೆಂಬ ಕುದುರೆಯನೇರಿ' (೨೦೧೦) ಚಿತ್ರದಲ್ಲಿ, ವೈಜನಾಥ ಬಿರಾದಾರ ನಟಿಸಿದ ಹೆಣ ಹೂಳುವ ಕಾಯಕದ ಈರ್ಯನ ಮಡದಿ ರುದ್ರಿಯಾಗಿ ಅಭಿನಯಿಸಿದ್ದಾರೆ.

ರಾಜಕೀಯ

ಕಾಂಗ್ರೆಸ್ ಪಕ್ಷದಿಂದ ೨೦೧೩ರಲ್ಲಿ ಬಾಗಲಕೋಟೆ ಜಿಲ್ಲೆಯ ತೇರದಾಳ ಕ್ಷೇತ್ರದ ಶಾಸಕಿಯಾಗಿ ಆಯ್ಕೆಯಾಗಿ, ಸಿದ್ದರಾಮಯ್ಯನವರ ಸಂಪುಟದಲ್ಲಿ ಸಚಿವೆಯಾದರು. ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ, ಕನ್ನಡ ಮತ್ತು ಸಂಸ್ಕೃತಿ ಖಾತೆಗಳನ್ನು ನಿರ್ವಹಿಸಿದರು. ೨೦೨೩ರಲ್ಲಿ ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡರು.

ಮತ್ತೆ ಅಭಿನಯಕ್ಕೆ

ಅಧಿಕಾರದ ಅವಧಿಯ ನಂತರ ಅವರು ಅಭಿನಯಕ್ಕೆ ಮರಳಿದರು. ೨೦೨೧ರಲ್ಲಿ ಆರಂಭವಾದ 'ಪುಟ್ಟಕ್ಕನ ಮಕ್ಕಳು' ಧಾರಾವಾಹಿಯಲ್ಲಿ, ಊಟದ ಮೆಸ್ ನಡೆಸಿ ಮೂವರು ಹೆಣ್ಣುಮಕ್ಕಳನ್ನು ಸಾಕುವ ತಾಯಿಯ ಪಾತ್ರ ಅವರನ್ನು ಹೊಸ ಪೀಳಿಗೆಯ ಮನೆಮನೆಗೂ ತಲುಪಿಸಿತು. ಬೇಲೂರು ರಘುನಂದನ್ ರಚಿಸಿ, ಚಿದಂಬರರಾವ್ ಜಂಬೆ ನಿರ್ದೇಶಿಸಿದ 'ಶರ್ಮಿಷ್ಠೆ' ಏಕವ್ಯಕ್ತಿ ನಾಟಕದಲ್ಲಿ, ರಾಜಕುವರಿಯಾಗಿ ಹುಟ್ಟಿ ದೇವಯಾನಿಯ ದಾಸಿಯಾದ ಪೌರಾಣಿಕ ಸ್ತ್ರೀಯ ಬಾಳನ್ನು ಒಬ್ಬರೇ ರಂಗದ ಮೇಲೆ ಕಟ್ಟಿಕೊಟ್ಟಿದ್ದಾರೆ.